ವೈನ್ ಭರಣಿಗೆ ಸಿಕ್ಕ ಸಿಕ್ಕ ಮರ ಹಾಕಬೇಡಿ

ಮಾನ್ಯರೆ,

ಕ್ರಿಸ್‌ಮಸ್ ಹತ್ತಿರ ಬಂತೆಂದರೆ ನಮ್ಮ ಮಂಗಳೂರು ಕಡೆ ಎಷ್ಟೋ ಮನೆಗಳಲ್ಲಿ ದ್ರಾಕ್ಷಿ ವೈನಿನದ್ದೇ ಮಾತು. ಈಗ ಅದಕ್ಕೊಂದು ಹೊಸ ಶೋಕಿ ಸೇರಿಕೊಂಡಿದೆ. ಮೊಬೈಲಿನಲ್ಲಿ ಯಾವುದೋ ವಿಡಿಯೊ ನೋಡಿ, ಫಾರಿನ್ ವೈನಿನ ರುಚಿ ಬರಲಿ ಎಂದು ಭರಣಿಗೆ ಮರದ ಚೂರು ಹಾಕುವುದು. ಅಲ್ಲಿ ವೈನ್ ಇಡುವ ಪೀಪಾಯಿ ಮಾಡುವ ಓಕ್ ಮರದ ಚಕ್ಕೆಯಾದರೆ ಸರಿ, ಕೆಲವರು ಬಡಗಿ ಹತ್ತಿರ ತಂದ ತುಂಡನ್ನೇ ಸುಟ್ಟು ಹಾಕುತ್ತಾರೆ. ದಯವಿಟ್ಟು ಬೇಡ. ಗೆದ್ದಲು ಹಿಡಿಯಬಾರದೆಂದು ಮರಕ್ಕೆ ಔಷಧ ಹಾಕಿರುತ್ತಾರೆ, ಅಂಥ ಕೆಲವು ಔಷಧಗಳಲ್ಲಿ ಆರ್ಸೆನಿಕ್ ಎಂಬ ವಿಷವೂ ಇರುತ್ತದೆ, ಸುಟ್ಟ ಮಾತ್ರಕ್ಕೆ ಅದು ಹೋಗುವುದಿಲ್ಲ, ಇನ್ನು ಪ್ಲೈವುಡ್ಡಿನ ಅಂಟಿನ ಕತೆಯಂತೂ ಕೇಳಲೇಬೇಡಿ.

ಚಕ್ಕೆ ಹಾಕುವುದೇ ಮೋಸ ಅಂತಲ್ಲ. ಯುರೋಪಿನಲ್ಲೇ 2006ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿದೆ. ಫ್ರಾನ್ಸಿನ ಬೋರ್ಡೊ ಕಡೆಯ ಒಂದು ಓಕ್ ಪೀಪಾಯಿ 225 ಲೀಟರ್ ಹಿಡಿಯುತ್ತದೆ, ಐದು ಲೀಟರ್ ಮಾಡುವ ನಮಗೆ ಅದೇಕೆ ಅಲ್ವಾ? ಲೀಟರಿಗೆ 2ರಿಂದ 4 ಗ್ರಾಂ ಚಕ್ಕೆ ಸಾಕು. ಹುದುಗುವುದು ನಿಂತು, ಸೋಸಿ ಆದ ಮೇಲೆ, ತೆಳು ಬಟ್ಟೆಯಲ್ಲಿ ಗಂಟು ಕಟ್ಟಿ ಇಳಿಬಿಡಿ. ಸಣ್ಣ ಚಕ್ಕೆ ಒಂದೆರಡು ವಾರದಲ್ಲೇ ರುಚಿ ಬಿಟ್ಟುಬಿಡುತ್ತದೆ, ದಪ್ಪ ತುಂಡಾದರೆ ತಿಂಗಳುಗಟ್ಟಲೆ ಬೇಕು. ಆಗಾಗ ಒಂದು ಚಮಚ ತೆಗೆದು ನೋಡಿ, ಸಾಕು ಅನ್ನಿಸಿದ ಕೂಡಲೇ ಗಂಟು ಎತ್ತಿಬಿಡಿ. ಜಾಸ್ತಿಯಾದರೆ ಪೆನ್ಸಿಲ್ ಕಚ್ಚಿದ ಹಾಗಿರುತ್ತದೆ, ಆಮೇಲೆ ಸರಿಮಾಡುವುದು ಕಷ್ಟ. ಪೀಪಾಯಿಯಲ್ಲಿ ಮರದ ಮೂಲಕ ಚೂರು ಚೂರೇ ಗಾಳಿಯಾಡಿ ವೈನ್ ಮೆತ್ತಗಾಗುತ್ತದಲ್ಲ, ಅದು ಮಾತ್ರ ಚಕ್ಕೆಯಿಂದ ಬರುವುದಿಲ್ಲ.

ಅಷ್ಟಕ್ಕೂ ಓಕಿನ ಪರಿಮಳದಲ್ಲಿ ಇರುವುದೇನು? ವೆನಿಲ್ಲಾದ ವೆನಿಲಿನ್, ಲವಂಗದ ಯೂಜಿನಾಲ್. ಅಮೆರಿಕದ ಓಕ್ ಆದರೆ ತೆಂಗಿನಕಾಯಿಯ ವಾಸನೆಯೂ ಉಂಟು (ಕರಾವಳಿಯವರು ಅದಕ್ಕೂ ದುಡ್ಡು ಕೊಡಬೇಕಾ!). ನಮ್ಮ ಅಜ್ಜಿಯಂದಿರು ನಾಲ್ಕು ಲವಂಗ, ಒಂದು ತುಂಡು ದಾಲ್ಚಿನ್ನಿ ಹಾಕಿ, ಸಕ್ಕರೆ ಸುಟ್ಟು ಬಣ್ಣ ಕೊಡುತ್ತಿದ್ದರು. ಹೊಸವರ್ಷದೊಳಗೆ ಖಾಲಿಯಾಗುವ ಸಿಹಿ ವೈನಿಗೆ ನನ್ನ ಪ್ರಕಾರ ಅಷ್ಟೇ ಸಾಕು. ಓಕ್ ಬೇಕೇ ಬೇಕು ಅನ್ನುವವರು ವೈನಿಗೆಂದೇ ಮಾರುವ, ಎಷ್ಟು ಸುಟ್ಟದ್ದು ಎಂದು ಪ್ಯಾಕೆಟ್ಟಿನ ಮೇಲೆ ಬರೆದಿರುವ ಚಕ್ಕೆಯನ್ನೇ ತರಿಸಿಕೊಳ್ಳಲಿ. ಬಾರ್ಬೆಕ್ಯೂ ಹೊಗೆಗೆಂದು ಮಾರುವ ಚಕ್ಕೆ ಬೇಡ.

ಹಬ್ಬದ ಪುರವಣಿಯಲ್ಲಿ ವೈನ್ ರೆಸಿಪಿ ಹಾಕುವಾಗ ತಾವೂ ಈ ಮರದ ವಿಷಯ ಒಂದು ಸಾಲು ಸೇರಿಸಿದರೆ ಉಪಕಾರ.

– ಒಬ್ಬ ಓದುಗ, ಮಂಗಳೂರು