ಮಕ್ಕಳ ನಾಟಕಕ್ಕೆ ಮುಂಚೆ ಸಭಾ ಕಾರ್ಯಕ್ರಮ ಬೇಡ

ಮಾನ್ಯ ಸಂಪಾದಕರೇ,

ಮೊನ್ನೆ ಕ್ರಿಸ್‌ಮಸ್ ರಜೆ ದಿನ ಹಾಸನದಲ್ಲಿ ಮಕ್ಕಳ ನಾಟಕ ಇದೆ, ಸಂಜೆ 5 ಗಂಟೆಗೆ ಸರಿಯಾಗಿ ಶುರು, ಪ್ರವೇಶ ಉಚಿತ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತು. ನಮ್ಮದು ಆಲೂರು ಕಡೆ ಒಂದು ಹಳ್ಳಿ. ಕಾಫಿ ಹಣ್ಣು ಕೊಯ್ಯೋ ಟೈಮು, ಆಳು ಸಿಗೋದೇ ಕಷ್ಟ, ಆದ್ರೂ ಮಧ್ಯಾಹ್ನಕ್ಕೇ ಕೆಲಸ ನಿಲ್ಸಿ ಅಮ್ಮ, ನಾನು, ನನ್ ಹೆಂಡ್ತಿ, ಇಬ್ರು ಮಕ್ಕಳು, ಜೊತೆಗೆ ಇಂಗ್ಲೆಂಡಿನ ಲೀಡ್ಸ್‌ನಿಂದ ರಜೆಗೆ ಬಂದಿರೋ ನನ್ ತಂಗಿ ಮತ್ತೆ ಅವಳ ಒಂಬತ್ತು ವರ್ಷದ ಮಗಳು, ಒಟ್ಟು ಏಳು ಜನ ಸ್ವೆಟರು ಟೋಪಿ ಎಲ್ಲಾ ಹಾಕ್ಕೊಂಡು ಬಸ್ಸು ಹತ್ತಿದ್ವಿ. ನಮ್ ಮಕ್ಕಳಿಗೆ ಇದೇ ಮೊದಲನೇ ನಾಟಕ.

ಬಸ್ಸಲ್ಲಿ ತಂಗಿ ಮಗಳು ಅಲ್ಲಿನ ಪ್ಯಾಂಟೊಮೈಮ್ ಬಗ್ಗೆ ಹೇಳ್ತಾ ಬಂದ್ಲು. ನಾನು ಅದನ್ನ ಮೂಕಾಭಿನಯ ಅಂತ್ಲೇ ತಿಳ್ಕೊಂಡಿದ್ದೆ, ಅಲ್ವಂತೆ. ಕ್ರಿಸ್‌ಮಸ್ ಬಂತು ಅಂದ್ರೆ ಅಲ್ಲಿ ಊರೂರಿನ ಥಿಯೇಟರ್‌ಗಳಲ್ಲಿ ಸಿಂಡ್ರೆಲಾ, ಅಲ್ಲಾದೀನ್ ಥರದ ಕತೆಗಳನ್ನ ಹಾಡು ಕುಣಿತ ಹಾಸ್ಯ ಸೇರಿಸಿ ಆಡ್ತಾರೆ, ಮನೆಮಂದಿಯೆಲ್ಲ ಹೋಗ್ತಾರೆ, ವಿಲನ್ ಬಂದ ಕೂಡ್ಲೇ ಮಕ್ಕಳೆಲ್ಲ ಹೋ ಅಂತ ಕೂಗಬೇಕು, ಅವನು ಹೀರೋ ಬೆನ್ನ ಹಿಂದೆ ಬಂದ್ರೆ 'ಹಿಂದೆ ಇದಾನೆ' ಅಂತ ಕಿರುಚಬೇಕು, ಸುಮ್ನೆ ಕೂತ್ರೆ ಆಟವೇ ನಡೆಯಲ್ಲ ಮಾಮ ಅಂದ್ಲು. ಅಜ್ಜಿ ಪಾತ್ರ ಗಂಡಸು ಮಾಡ್ತಾನೆ ಅಂದಾಗ ನಮ್ಮಮ್ಮ ನಕ್ಕು, ಅಯ್ಯೋ ಪುಟ್ಟಿ, ನಮ್ ಕಡೆ ನಾಟಕದಲ್ಲೂ ಹೆಣ್ಣು ಪಾರ್ಟು ಗಂಡಸ್ರೇ ಕಟ್ತಿದ್ರು ಕಣೇ ಅಂದ್ರು. ನಮ್ ಮೂಡಲಪಾಯ ಬಯಲಾಟದಲ್ಲೂ ಕೋಡಂಗಿ ಬಂದು ಜನಗಳ ಹತ್ರಾನೇ ಮಾತಾಡ್ತಾನಲ್ವಾ, ಅಜ್ಜಿ ಮೊಮ್ಮಗಳು ಇಬ್ರೂ ಅದೇ ಮಾತಲ್ಲಿ ಹಾಸನ ಮುಟ್ಟಿದ್ರು.

ಐದು ಗಂಟೆಗೆ ಸರಿಯಾಗಿ ಹೋಗಿ ಕೂತ್ವಿ. ದೀಪ ಹಚ್ಚಿದ್ದು 5:45ಕ್ಕೆ. ವೇದಿಕೆ ಮೇಲೆ ಹನ್ನೊಂದು ಕುರ್ಚಿ. ಸ್ವಾಗತ, ಪ್ರಾಸ್ತಾವಿಕ ನುಡಿ, ಉದ್ಘಾಟನೆ, ಹಾರ, ಶಾಲು, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ, ಅದಾದ್ಮೇಲೆ ಒಬ್ಬೊಬ್ರದ್ದೂ ಭಾಷಣ, ಎಲ್ರೂ ಹೇಳಿದ್ದು ಮಕ್ಕಳು ಮೊಬೈಲ್ ಬಿಟ್ಟು ನಾಟಕ ನೋಡಬೇಕು ಅಂತ, ಮಕ್ಕಳು ಅಲ್ಲೇ ಎದುರಿಗೆ ನಾಟಕಕ್ಕೇ ಕಾಯ್ತಾ ಕೂತಿದ್ವು. ನಾವು ಪಕ್ಕದ ಸಾಲಲ್ಲಿದ್ವಿ, ಅಲ್ಲಿಂದ ಸೈಡ್‌ವಿಂಗ್ ಒಳಗೆ ಕಾಣ್ತಿತ್ತು. ಕಾಗೆ ವೇಷದ ಹುಡುಗ, ಹತ್ತು ಹನ್ನೊಂದು ವರ್ಷ ಇರಬಹುದು, ರಟ್ಟಿನ ಕೊಕ್ಕನ್ನ ಹಣೆ ಮೇಲಕ್ಕೆ ಸರಿಸ್ಕೊಂಡು ಮೆಟ್ಟಿಲ ಮೇಲೆ ಗೋಡೆಗೆ ಒರಗಿ ಕೂತಿದ್ದ, ಮುಖದ ಬಣ್ಣ ಒಣಗಿ ಕೆರೀತಿತ್ತೇನೋ, ಕೈಯಲ್ಲಿ ಮುಟ್ಟಕ್ಕೆ ಹೋಗೋದು, ಯಾರೋ ಬೇಡ ಅಂದ್ರೆ ಕೈ ಇಳಿಸೋದು. ಆ ಮಗು ಮುಖ ನೋಡಿ ನಂಗೆ ಹೊಟ್ಟೆ ಉರೀತು. ನನ್ ಚಿಕ್ಕವನು ಅಷ್ಟೊತ್ತಿಗೆ ಅಮ್ಮನ ತೊಡೆ ಮೇಲೆ ನಿದ್ದೆ.

ನಾಟಕ ಶುರುವಾಗಿದ್ದು 6:55ಕ್ಕೆ. ಶುರುವಾದ್ಮೇಲೆ ಮಾತ್ರ ಏನ್ ಹೇಳಲಿ, ಕಾಗಕ್ಕ ಗುಬ್ಬಕ್ಕನ ಕತೆ, ನಮ್ಗೆಲ್ಲ ಗೊತ್ತಿರೋದೇ, ಆದ್ರೆ ಎಷ್ಟು ಚೆನ್ನಾಗಿ ಕಟ್ಟಿದ್ರು ಅಂದ್ರೆ ಕಾಗೆ ರೆಕ್ಕೆಗೆ ಹರಿದ ಛತ್ರಿ ಬಟ್ಟೆ, ಕಡ್ಡಿ ಸಮೇತ, ಬಿಚ್ಚಿದ್ರೆ ಪಟಪಟ ಅನ್ನೋದು. ಮಳೆ ಸೀನ್‌ಗೆ ಸೈಡಲ್ಲಿ ಒಬ್ಳು ಹುಡುಗಿ ಮೊರದಲ್ಲಿ ರಾಗಿ ಹಾಕ್ಕೊಂಡು ಆ ಕಡೆ ಈ ಕಡೆ ವಾಲಿಸ್ತಾ ಇದ್ಲು, ಮೊದ್ಲು ನಿಧಾನಕ್ಕೆ ಆಮೇಲೆ ಜೋರಾಗಿ, ಕಣ್ಮುಚ್ಚಿದ್ರೆ ನಮ್ ತೋಟದಲ್ಲಿ ಜಡಿಮಳೆ ಹಿಡಿದಂಗೇ ಇತ್ತು. ಚಿಕ್ಕವನು ಆ ಸದ್ದಿಗೇ ಎದ್ದ. ಕಾಗೆಯ ಮಣ್ಣಿನ ಮನೆ ಕೊಚ್ಕೊಂಡು ಹೋಯ್ತು, ಅದರ ಹಿಂದೆ ಒಂದು ಬೆಕ್ಕು ಹೊಂಚು ಹಾಕ್ಕೊಂಡು ಬಂತು. ತಂಗಿ ಮಗಳು ಎದ್ದು ನಿಂತು 'ಕಾಗಕ್ಕ, ಹಿಂದೆ, ಹಿಂದೆ ನೋಡು' ಅಂತ ಕೂಗಿದ್ಲು, ಅಷ್ಟೇ, ಇಡೀ ಹಾಲ್‌ನಲ್ಲಿದ್ದ ಮಕ್ಕಳೆಲ್ಲ ಹಿಂದೆ ಹಿಂದೆ ಅಂತ ಶುರು ಹಚ್ಕೊಂಡ್ವು. ಕಾಗೆ ಹುಡುಗ ಒಂದು ಕ್ಷಣ ತಬ್ಬಿಬ್ಬಾದ, ಆಮೇಲೆ ಕಿವಿ ಮೇಲೆ ಕೈ ಇಟ್ಟು 'ಏನಂದ್ರಿ, ಮಳೇಲಿ ಕೇಳಿಸ್ತಿಲ್ಲ' ಅಂದ ನೋಡಿ, ಅದನ್ನ ಅವನಿಗೆ ಯಾರೂ ಹೇಳ್ಕೊಟ್ಟಿರಲಿಲ್ಲ, ಅಲ್ಲೇ ಹುಟ್ಟಿದ ಮಾತು. ಹಾಲ್ ಹಾರಿಹೋಗೋ ಹಂಗೆ ಕೂಗಿದ್ರು. ಆಗ ಬ್ಯಾಡ್ಜ್ ಹಾಕಿದ್ದವರೊಬ್ರು ಟಾರ್ಚ್ ಬಿಟ್ಕೊಂಡು ನಮ್ ಸಾಲಿಗೆ ಬಂದು 'ಶಿಸ್ತು ಇರಲಿ, ಮಕ್ಕಳನ್ನ ಸುಮ್ನೆ ಕೂರಿಸ್ರಿ' ಅಂತ ಗದರಿದ್ರು. ತಂಗಿ ಮಗಳ ಮುಖ ಸಣ್ಣದಾಯ್ತು. ಒಂದೂವರೆ ಗಂಟೆಗೂ ಹೆಚ್ಚು ಕಾಯ್ದಿದ್ದ ಮಕ್ಕಳಿಗೆ ಐದು ನಿಮಿಷ ಖುಷಿಯಾಗಿ ಕೂಗೋಕೂ ಬಿಡಲ್ಲ ಅಂದ್ರೆ ಹೆಂಗೆ ಸ್ವಾಮಿ?

ನಮ್ ಕಡೆ ಕೊನೆ ಬಸ್ಸು 7:45ಕ್ಕೆ. ಕಾಗಕ್ಕ ನೆಂದ್ಕೊಂಡು ಬಂದು ಬಾಗಿಲು ಬಡೀತಿದ್ಲು, ಗುಬ್ಬಕ್ಕ ಒಳಗಿಂದ 'ತಾಳು, ಮಗೂಗೆ ಸ್ನಾನ ಮಾಡಿಸ್ತಿದೀನಿ' ಅಂತಿದ್ಲು, ಅಲ್ಲಿಗೆ ನಾವು ಎದ್ದು ಬರಬೇಕಾಯ್ತು. ನಮ್ ಹಂಗೇ ಹಳ್ಳಿ ಕಡೆಯವರು ಸುಮಾರು ಜನ ಎದ್ರು. ಚಿಕ್ಕವನು ಬಸ್‌ಸ್ಟ್ಯಾಂಡ್ ತನಕ ಅತ್ತ. ಅಮ್ಮ ಬಸ್ಸಲ್ಲಿ ಮಿಕ್ಕ ಕತೆ ಹೇಳಿದ್ರೆ, ಅದು ನಂಗೊತ್ತು ಅಜ್ಜಿ, ಅಲ್ಲಿ ಬಾಗಿಲು ತೆಗೆದ್ಲಾ ಇಲ್ವಾ ಅಂತಾನೆ. ಇವತ್ತಿಗೂ ಕೇಳ್ತಿದಾನೆ.

ನಮ್ ರಾಜ್ಯಕ್ಕೆ ನಾಟಕ ಹೊಸದೇನಲ್ಲ. ಮೈಸೂರು ರಂಗಾಯಣ 1989ರಲ್ಲಿ ಬಿ.ವಿ. ಕಾರಂತರು ಕಟ್ಟಿದ್ದು, ಅಲ್ಲಿ ಬೇಸಿಗೆ ಬಂದ್ರೆ ಚಿಣ್ಣರ ಮೇಳ ಅಂತ ಮಕ್ಕಳ ಶಿಬಿರ ನಡೆಯುತ್ತೆ. ಹೆಗ್ಗೋಡಿನ ನೀನಾಸಂ ತಿರುಗಾಟ 1985ರಿಂದ, ಸಾಣೇಹಳ್ಳಿಯ ಶಿವಸಂಚಾರ 1997ರಿಂದ ಊರೂರಿಗೆ ನಾಟಕ ತಗೊಂಡು ಹೋಗ್ತಾ ಇವೆ. ಆದ್ರೆ ನಮ್ ಮಕ್ಕಳನ್ನ ನೂರು ಕಿಲೋಮೀಟರ್ ಮೇಲೆ ಮೈಸೂರಿಗೆ ಕರ್ಕೊಂಡು ಹೋಗೋ ಶಕ್ತಿ ಎಲ್ಲಾರ್ಗೂ ಇರಲ್ಲ, ಹಾಸನದಲ್ಲೇ ದಸರಾ ರಜೆ ಬೇಸಿಗೆ ರಜೆಗೆ ಇಂಥ ನಾಟಕ ಆಗಬೇಕು. ಸನ್ಮಾನ ಬೇಡ ಅಂತ ನಾನು ಹೇಳ್ತಿಲ್ಲ, ದುಡಿದೋರಿಗೆ ಸಲ್ಲಲಿ, ನಾಟಕ ಮುಗಿದ್ಮೇಲೆ ಇಟ್ಕೊಳ್ಳಿ, ಇಲ್ಲಾ ಇನ್ನೊಂದು ದಿನ ಮಾಡಿ. ಮೊದ್ಲ ಸನ್ಮಾನ ಆ ಕಾಗೆ ಹುಡುಗಂಗೆ, ಆ ರಾಗಿ ಮೊರದ ಹುಡುಗಿಗೆ ಮಾಡಿ.

ಆಯೋಜಕರಲ್ಲಿ ನನ್ ಕೇಳಿಕೆ ಇಷ್ಟೇ. ಬರೋ ಬೇಸಿಗೆ ರಜೇಲಿ ಇದೇ ನಾಟಕನ ಇನ್ನೊಂದ್ಸಲ ಆಡ್ಸಿ, ಒಂದು ಭಾನುವಾರ ಮಧ್ಯಾಹ್ನ 3 ಗಂಟೆಗೆ, ಮಕ್ಕಳು ಕೂಗಬಹುದು ಅಂತ ಬಾಗಿಲಲ್ಲೇ ಬೋರ್ಡ್ ಹಾಕಿ. ಟಿಕೆಟ್ ಇಟ್ರೂ ಕೊಡ್ತೀವಿ. ನಮ್ಮೂರಿಂದ ಒಂದು ಟೆಂಪೋ ಮಾಡ್ಕೊಂಡು ಮಕ್ಕಳನ್ನ ಕರ್ಕೊಂಡು ಬರೋ ಜವಾಬ್ದಾರಿ ನಂದು.

– ಒಬ್ಬ ಓದುಗ, ಆಲೂರು ತಾಲ್ಲೂಕು, ಹಾಸನ ಜಿಲ್ಲೆ