ಮಣಿಕರಣಕ್ಕೆ ಹೊರಟ ಮಗಳಿಗೆ

ಪ್ರೀತಿಯ ಪುಟ್ಟಿ,

ಅಜ್ಜಿಯನ್ನು ಹಿಮಾಚಲದ ಮಣಿಕರಣದ ಬಿಸಿನೀರ ಬುಗ್ಗೆಗೆ ಕರೆದೊಯ್ಯುವುದು ಬೇಡ ಎಂದು ನಿನ್ನೆ ಫೋನಿನಲ್ಲಿ ನಾನು ಅನ್ನಬಾರದಿತ್ತು. ಅಜ್ಜಿ ಆಗಲೇ ಸ್ವೆಟರ್ ಮಡಚಿ ಚೀಲಕ್ಕೆ ತುಂಬಿಯಾಗಿದೆ. ಇನ್ನು ಬೇಡ ಅನ್ನಲು ನನಗೂ ಬಾಯಿಲ್ಲ. ಹೋಗಿ ಬನ್ನಿ. ಫೋನಿನಲ್ಲಿ ಹೇಳಹೊರಟರೆ ಮತ್ತೆ ಜಗಳವೇ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ದೀಪಾವಳಿ ಬೆಳಗಿನ ವಿಷಯ ನಾನು ಎತ್ತುವುದಿಲ್ಲ. ನಿನಗೂ ನೆನಪಿದೆ.

ಕುಲ್ಲು ದಸರಾ ಮುಗಿದ ಮೇಲೆ ಹೊರಟದ್ದು ಒಳ್ಳೆಯದಾಯಿತು. ನಮ್ಮ ದಸರಾ ಮುಗಿಯುವ ವಿಜಯದಶಮಿಯಂದೇ ಅವರದು ಶುರು, ಏಳು ದಿನ ರೂಮೂ ಸಿಗದು, ಮಣಿಕರಣಕ್ಕೆ ತಿರುಗುವ ಭುಂತರ್ ರಸ್ತೆಯೂ ಬಿಡದು. ಮಳೆಗಾಲದಲ್ಲಾಗಿದ್ದರೆ ನಾನು ಬಿಡುತ್ತಲೇ ಇರಲಿಲ್ಲ. 2015ರ ಆಗಸ್ಟ್‌ನಲ್ಲಿ ಮಣಿಕರಣದ ಗುರುದ್ವಾರದ ಕಟ್ಟಡದ ಮೇಲೆ ಗುಡ್ಡದ ಬಂಡೆ ಉರುಳಿ ಜನ ಸತ್ತಿದ್ದರು.

ರೂಮು ಹಿಡಿಯುವಾಗ ಬಾಡಿಗೆಗಿಂತ ಮೊದಲು ನಡಿಗೆ ಎಷ್ಟೆಂದು ಕೇಳು. ಗುರುದ್ವಾರ ಇರುವುದು ಪಾರ್ವತಿ ನದಿಯ ಆಚೆ ದಡದಲ್ಲಿ. ವಾಹನ ಇಳಿದು ಕಾಲುಸೇತುವೆ ದಾಟಬೇಕು, ಪೇಟೆಯ ಓಣಿಯೂ ಇಕ್ಕಟ್ಟು. ಸಾಮಾನು ಹೊರಲು ಯಾರಾದರೂ ಸಿಗುತ್ತಾರೆ, ಅಜ್ಜಿಯ ಮಂಡಿಯನ್ನು ಹೊರುವವರಿಲ್ಲ. ಅಲ್ಲಿನ ಎಷ್ಟೋ ಅಗ್ಗದ ಗೆಸ್ಟ್‌ಹೌಸ್‌ಗಳು ಬುಗ್ಗೆಯ ನೀರನ್ನೇ ಪೈಪಿನಲ್ಲಿ ತಂದು ಒಳಗೆ ಕುಂಡ ಮಾಡಿಕೊಂಡಿವೆ. ಕುಂಡಕ್ಕೆ ಎಷ್ಟು ಮೆಟ್ಟಿಲು, ಹಿಡಿಯಲು ಕಂಬಿ ಇದೆಯೇ, ಪೂರ್ತಿ ಖಾಲಿ ಮಾಡಿ ಉಜ್ಜುವುದು ಯಾವಾಗ ಎಂದು ಕೇಳು. ಉಜ್ಜಿ ಹೊಸ ನೀರು ತುಂಬಿದ ಮೇಲೆ, ಜನ ಇಳಿಯುವ ಮೊದಲು ಅಜ್ಜಿಯನ್ನು ಇಳಿಸು. ನೆಲ ಲೋಳೆಯಾಗಿದ್ದರೆ ಆ ಕುಂಡವೇ ಬೇಡ.

ಇನ್ನು ನೀರು. ಪುತ್ತೂರು ಬಳಿಯ ಇರ್ದೆಯ ಬುಗ್ಗೆ ಬೆಂದ್ರ್ ತೀರ್ಥದ ಉಗುರುಬೆಚ್ಚಗಿನ ನೀರು ನೋಡಿದವರಿಗೆ ಮಣಿಕರಣದ ಅಂದಾಜೇ ಸಿಗದು. ಬುಗ್ಗೆಯ ಬಾಯಲ್ಲಿ 90 ಡಿಗ್ರಿ ದಾಟುತ್ತದೆ, ಗುರುದ್ವಾರದ ಊಟದ ಮನೆ ಲಂಗರಿನ ಅಕ್ಕಿ ಅದರಲ್ಲೇ ಬೇಯುತ್ತದೆ. ತಣ್ಣೀರು ಬೆರೆಸಿಯೇ ಕುಂಡ ತುಂಬುತ್ತಾರೆ, ಆ ಬೆರಕೆ ದಿನಕ್ಕೊಂದು ಥರ. ರೂಮಿನ ನಲ್ಲಿಯಲ್ಲೂ ಅದೇ ನೀರು ಬರಬಹುದು, ಬಕೆಟ್ಟಿಗೆ ಮೊದಲು ತಣ್ಣೀರು ಬಿಟ್ಟು ಆಮೇಲೆ ಬಿಸಿನೀರು ಬಿಡು. ಬಿಸಿ ನೋಡಲು ಅಜ್ಜಿಗೆ ಹೇಳಬೇಡ, ಸಕ್ಕರೆ ಕಾಯಿಲೆಯಿಂದ ಅವರ ಪಾದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಥರ್ಮಾಮೀಟರ್ ಇಟ್ಟಿದ್ದೇನೆ, 38 ಸಾಕು, 40 ದಾಟಿದರೆ ಬೇಡವೇ ಬೇಡ.

ಹೊಟ್ಟೆ ಖಾಲಿ ಇರಬಾರದು, ಊಟವಾದ ಕೂಡಲೇ ಇಳಿಯಲೂಬಾರದು. ಮೊದಲ ದಿನ ಐದು ನಿಮಿಷ, ಆಮೇಲೆ ಹೆಚ್ಚೆಂದರೆ ಹತ್ತು. ನೀರು ಎದೆಗಿಂತ ಕೆಳಗಿರಲಿ. ಮೂರು ಮುಳುಗು ಹಾಕುತ್ತೇನೆಂದು ಹಟ ಹಿಡಿಯುತ್ತಾರೆ, ಬಿಡಬೇಡ. ಬೆಚ್ಚಗಿನ ನೀರಿನಲ್ಲಿ ಮಿದುಳಿಗೆ ಹತ್ತುವ ಅಮೀಬಾ ಇರಬಹುದು, ಅದು ಮೂಗಿನಿಂದಲೇ ಒಳಗೆ ಹೋಗುವುದು. ತೀರ್ಥವೆಂದು ತಲೆಗೆ ಒಂದಿಷ್ಟು ಚಿಮುಕಿಸಿದರೆ ಸಾಕು.

ಏಳುವಾಗ, ಪುಟ್ಟಿ. ಬಿಸಿನೀರಲ್ಲಿ ಕೂತಾಗ ಚರ್ಮದ ರಕ್ತನಾಳಗಳೆಲ್ಲ ಹಿಗ್ಗುತ್ತವೆ, ಎಷ್ಟೋ ಬಿಪಿ ಮಾತ್ರೆಗಳೂ ರಕ್ತನಾಳ ಹಿಗ್ಗಿಸುತ್ತವೆ. ಎದ್ದು ನಿಂತ ಕ್ಷಣ ರಕ್ತ ಕಾಲಿಗಿಳಿದು ತಲೆಗೆ ಕಡಿಮೆಯಾಗುತ್ತದೆ. ಅವರು ಬೀಳುವುದು ನೀರಲ್ಲಿ ಕೂತಾಗ ಅಲ್ಲ, ಎದ್ದಾಗ. ಮೊದಲು ಮೇಲಿನ ಮೆಟ್ಟಿಲಿಗೆ ಬಂದು ಕಾಲು ಮಾತ್ರ ನೀರಲ್ಲಿಟ್ಟು ಎರಡು ನಿಮಿಷ ಕೂರಲಿ. ಪಾದ ಆಡಿಸಲಿ. ಆಮೇಲೆ ಕಂಬಿ ಹಿಡಿದು ಏಳಲಿ, ನೀನು ಎದುರಿಗಲ್ಲ, ಪಕ್ಕದಲ್ಲಿ ನಿಂತು ಸೊಂಟ ಹಿಡಿದಿರು. ಕಣ್ಣು ಮಂಜಾಯಿತು ಅಂದರೆ ನಿಲ್ಲಿಸಿಕೊಂಡಿರಬೇಡ, ಅಲ್ಲೇ ನೀರಿನ ಹೊರಗೆ ಮಲಗಿಸಿ ಕಾಲು ಎತ್ತಿ ಹಿಡಿ. ಟವೆಲ್ ತರುತ್ತೇನೆಂದು ಬಾಗಿಲವರೆಗೂ ಹೋಗಬೇಡ. ಟವೆಲ್ ಮೊದಲೇ ಕೈಗೆಟುಕುವಲ್ಲಿರಲಿ. ಆ ದೀಪಾವಳಿಯಂದೂ ಟವೆಲ್ಲಿಗೇ ಅಲ್ಲವೇ ನಾನು ಹೋದದ್ದು.

ಎತ್ತುವುದಿಲ್ಲ ಅಂದಿದ್ದೆ, ಎತ್ತಿಬಿಟ್ಟೆ.

ಅಜ್ಜಿಯನ್ನು ಅಷ್ಟು ದೂರ ಯಾರೂ ಕರೆದುಕೊಂಡು ಹೋಗಿರಲಿಲ್ಲ. ಅವರ ಮಕ್ಕಳೂ ಇಲ್ಲ, ಸೊಸೆ ನಾನೂ ಇಲ್ಲ. ನೀನು ನಿನ್ನ ಸಂಬಳದಲ್ಲಿ ಕರೆದೊಯ್ಯುತ್ತಿದ್ದೀಯ. ನಿನ್ನೆ ಹೇಳಬೇಕಾದದ್ದು ಇದನ್ನು.

ಬೆಳಗಿನ ಬಿಪಿ ಮಾತ್ರೆ ಸ್ನಾನಕ್ಕೆ ಎಷ್ಟು ಮೊದಲು ಕೊಡಬೇಕೆಂದು ಹೊರಡುವ ಮುಂಚೆ ಡಾಕ್ಟರನ್ನು ಕೇಳು, ನೀನೇ ತೀರ್ಮಾನಿಸಿ ಬಿಡಿಸಬೇಡ. ಮಾತ್ರೆ ಡಬ್ಬಿ ಕೈಚೀಲದಲ್ಲಿದೆ, ಥರ್ಮಾಮೀಟರ್ ಸ್ವೆಟರಿನ ಒಳಗೆ ಸುತ್ತಿದೆ. ಮೊದಲ ಸ್ನಾನ ಆದ ಮೇಲೆ, ಅಜ್ಜಿ ಒಣಬಟ್ಟೆ ಹಾಕಿ ನೀರು ಕುಡಿದು ಕೂತ ಮೇಲೆ, ನನಗೆ ಫೋನ್ ಮಾಡು.

ಇಂತಿ,
ಅಮ್ಮ