ಚಾರ್ಜ್ ಫಾರ್ಮ್ ವಾಪಸ್ ಬಂದರೂ ದಿನ ನಿಲ್ಲುವುದಿಲ್ಲ

ಮಾನ್ಯ ಸಂಪಾದಕರೇ,

ಸಣ್ಣ ಕೈಗಾರಿಕೆಗಳಿಗೆ ಸಾಲ ಸಿಗುವುದಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ಸಾಲ ಸಿಕ್ಕ ಮೇಲೆ ಕಾಗದದಲ್ಲಿ ಆಗುವ ಎಡವಟ್ಟಿನ ಬಗ್ಗೆ ಯಾರೂ ಬರೆಯುವುದಿಲ್ಲ. ಪೀಣ್ಯ ಕಡೆಯ ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ, ಹಾಗಾಗಿ ಈ ಪತ್ರ.

ಯಂತ್ರ, ಸ್ಟಾಕ್, ಗಿರಾಕಿಗಳಿಂದ ಬರಬೇಕಾದ ಬಾಕಿ ಇವನ್ನೆಲ್ಲ ಬ್ಯಾಂಕಿಗೆ ಹೈಪಾಥಿಕೇಷನ್ (ಸ್ವತ್ತು ನಮ್ಮ ಬಳಿಯೇ ಇಟ್ಟುಕೊಂಡು ಅಡವಿಡುವುದು) ಮಾಡಿ ಸಾಲ ತೆಗೆದುಕೊಂಡ ಕಂಪನಿ ಆ ಚಾರ್ಜನ್ನು, ಅಂದರೆ ಸ್ವತ್ತಿನ ಮೇಲೆ ಬ್ಯಾಂಕಿಗಿರುವ ಹಕ್ಕನ್ನು, ಆರ್‌ಒಸಿಯಲ್ಲಿ (ಕಂಪನಿಗಳ ರಿಜಿಸ್ಟ್ರಾರ್ ಕಚೇರಿ) ನೋಂದಾಯಿಸಬೇಕು. ಫಾರ್ಮಿನ ಹೆಸರು ಸಿಎಚ್‌ಜಿ-1. ಬಹಳ ಮಾಲೀಕರು ಇದು ಬ್ಯಾಂಕಿನ ಕೆಲಸ ಅಂದುಕೊಂಡು ಡಿಜಿಟಲ್ ಸಹಿಯ ಟೋಕನ್ ಕೊಟ್ಟು ಮರೆತುಬಿಡುತ್ತಾರೆ. 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಹೇಳುವುದೇ ಬೇರೆ. ನೋಂದಾಯಿಸುವ ಹೊಣೆ ಕಂಪನಿಯದು. ಕಂಪನಿ ಮಾಡದಿದ್ದರೆ ಬ್ಯಾಂಕ್ ತಾನೇ ಅರ್ಜಿ ಹಾಕಬಹುದು, ಅಷ್ಟೇ. ತಪ್ಪಿದರೆ ಕಂಪನಿಗೆ 5 ಲಕ್ಷ, ಹೊಣೆಗಾರ ಅಧಿಕಾರಿಗೆ 50 ಸಾವಿರ ದಂಡ ಅಂತ 86ನೇ ಸೆಕ್ಷನ್‌ನಲ್ಲಿದೆ.

ದಿನದ ಲೆಕ್ಕ ಮೊದಲು ತಿಳಿದುಕೊಳ್ಳಿ. ಮೊದಲ 30 ದಿನ ಮಾಮೂಲಿ ಫೀಸು. ಆಮೇಲಿನ 30 ದಿನ ಸಣ್ಣ ಕಂಪನಿಗೆ ಅದರ ಮೇಲೆ ಮೂರು ಪಟ್ಟು, ಉಳಿದವರಿಗೆ ಆರು ಪಟ್ಟು. ಅದೂ ದಾಟಿದರೆ ಇನ್ನು 60 ದಿನ ಇದೆ, ಆದರೆ ಸಾಲದ ಮೊತ್ತದ ಮೇಲೂ ಶೇಕಡಾವಾರು ಕಟ್ಟಬೇಕು, ಸಣ್ಣ ಕಂಪನಿಗೆ ಶೇ 0.025, ಉಳಿದವರಿಗೆ ಶೇ 0.05. ಒಟ್ಟು 120 ದಿನ. ಅಲ್ಲಿಗೆ ಬಾಗಿಲು ಮುಚ್ಚಿತು. 2018ರ ನವೆಂಬರ್ 2ಕ್ಕಿಂತ ಮುಂಚೆ 300 ದಿನ ಇತ್ತು, ಆ ಕಾಲದ ಅಭ್ಯಾಸದಲ್ಲೇ ಇರುವವರು ಈಗಲೂ ಇದ್ದಾರೆ. ಇನ್ನೊಂದು, ಎಣಿಕೆ ಶುರುವಾಗುವುದು ಹೈಪಾಥಿಕೇಷನ್ ಪತ್ರಕ್ಕೆ ಸಹಿ ಬಿದ್ದ ದಿನದಿಂದ. ದುಡ್ಡು ಖಾತೆಗೆ ಬಂದ ದಿನದಿಂದ ಅಲ್ಲ.

ಈಗ ವಾಪಸ್ ಬರುವ ವಿಷಯ. ಫಾರ್ಮ್ ರಿಸಬ್ಮಿಷನ್‌ಗೆ ಬಂದರೆ ಸರಿಪಡಿಸಿ ಮತ್ತೆ ಹಾಕಲು 15 ದಿನ ಕೊಡುತ್ತಾರೆ. ಆ ಈಮೇಲ್ ಹೋಗುವುದು ಫಾರ್ಮಿನಲ್ಲಿ ಬರೆದ ವಿಳಾಸಕ್ಕೆ, ಅದು ಎಷ್ಟೋ ಸಲ ಕೆಲಸ ಬಿಟ್ಟು ಹೋದ ಅಕೌಂಟೆಂಟ್‌ದು! 15 ದಿನ ಕಳೆದರೆ ಫಾರ್ಮ್ ರದ್ದು, ಮತ್ತೆ ಮೊದಲಿಂದ ಹಾಕಬೇಕು, ಅಷ್ಟರಲ್ಲಿ 60ನೇ ದಿನ ಯಾವಾಗಲೋ ದಾಟಿರುತ್ತದೆ.

ನಾನು ನೋಡಿದ ಮಟ್ಟಿಗೆ ವಾಪಸ್ ಬರಲು ದೊಡ್ಡ ಕಾನೂನು ತೊಡಕು ಕಾರಣವೇ ಅಲ್ಲ. ಪತ್ರ ಒಂದು ಹೇಳುತ್ತದೆ, ಫಾರ್ಮ್ ಇನ್ನೊಂದು ಹೇಳುತ್ತದೆ. ಮಾಲೀಕ ಮುಂಚೆ ಪ್ರೊಪ್ರೈಟರ್ ಆಗಿದ್ದವರು, ಕಂಪನಿ ಮಾಡಿ ವರ್ಷವಾಗಿದೆ, ಆದರೂ ಬ್ಯಾಂಕಿನವರು ಹೈಪಾಥಿಕೇಷನ್ ಪತ್ರದಲ್ಲಿ ಹಳೇ ಅಂಗಡಿ ಹೆಸರನ್ನೇ ಟೈಪ್ ಮಾಡಿರುತ್ತಾರೆ, ಫಾರ್ಮಿನಲ್ಲಿ ಸಿಐಎನ್ (ಕಂಪನಿಯ ಗುರುತಿನ ಸಂಖ್ಯೆ) ಹಾಕಿದ ತಕ್ಷಣ ಬರುವುದು ಮಾತ್ರ ಪ್ರೈವೇಟ್ ಲಿಮಿಟೆಡ್ ಹೆಸರು. ಯಂತ್ರದ ವಿವರವನ್ನು ಕೊಟೇಷನ್ ನೋಡಿ ಬರೆದಿರುತ್ತಾರೆ, ಬಂದ ಯಂತ್ರದ ಮಾಡೆಲ್ ಬೇರೆ. ಸಿಸಿ (ಕ್ಯಾಶ್ ಕ್ರೆಡಿಟ್ ಸಾಲ) ಲಿಮಿಟ್ 50 ಲಕ್ಷದಿಂದ 80 ಲಕ್ಷಕ್ಕೆ ಏರಿದೆ, ಹಳೇ ಚಾರ್ಜ್ ಐಡಿ ಹಾಕಿ ಮಾಡಿಫಿಕೇಷನ್ ಅಂತ 80 ಲಕ್ಷ ತೋರಿಸುವ ಬದಲು, 30 ಲಕ್ಷದ ಹೊಸ ಚಾರ್ಜ್ ಅಂತ ಹಾಕುತ್ತಾರೆ. ಸಹಿಯಾದ ಪತ್ರದ ಬದಲು ಸ್ಯಾಂಕ್ಷನ್ ಲೆಟರ್ (ಸಾಲ ಮಂಜೂರಾತಿ ಪತ್ರ) ಲಗತ್ತಿಸುವುದಂತೂ ತೀರಾ ಸಾಮಾನ್ಯ. ಸ್ಯಾಂಕ್ಷನ್ ಲೆಟರ್‌ನಿಂದ ಚಾರ್ಜ್ ಹುಟ್ಟುವುದಿಲ್ಲ ಸ್ವಾಮಿ. ಇನ್ನು ಮೊಬೈಲಿನಲ್ಲಿ ಓರೆಯಾಗಿ ತೆಗೆದ ಫೋಟೋವನ್ನು ಪಿಡಿಎಫ್ ಮಾಡಿ ಕಳಿಸಿದರೆ, ದಿನಾಂಕದ ಮೇಲೆಯೇ ಸೀಲು ಬಿದ್ದಿದ್ದರೆ, ಓದುವ ಅಧಿಕಾರಿ ಏನು ಮಾಡಬೇಕು?

ಹೀಗಾಗಿ ನಾನು ಮಾಲೀಕರಿಗೆ ಹೇಳುವುದು ಒಂದೇ. ಡಿಎಸ್‌ಸಿ, ಅಂದರೆ ಡಿಜಿಟಲ್ ಸಹಿ, ಹಾಕುವ ಮುಂಚೆ ಫಾರ್ಮಿನ ಡ್ರಾಫ್ಟ್ ಕೇಳಿ, ಪತ್ರದ ಪಕ್ಕದಲ್ಲಿಟ್ಟು ಹೆಸರು, ತಾರೀಖು, ಮೊತ್ತ, ಸ್ವತ್ತು ಇಷ್ಟನ್ನು ಸಾಲುಸಾಲಾಗಿ ಓದಿ. ಕಾಲು ಗಂಟೆ ಕೆಲಸ. ಫಾರ್ಮನ್ನು ಸರ್ಟಿಫೈ ಮಾಡುವ ಸಿಎ ಅಥವಾ ಸಿಎಸ್ (ಕಂಪನಿ ಸೆಕ್ರೆಟರಿ) ನೋಡಿಕೊಳ್ಳುತ್ತಾರೆ ಬಿಡಿ ಅನ್ನಬೇಡಿ, ನಿಮ್ಮ ಷೆಡ್ಡಿನಲ್ಲಿ ಯಾವ ಯಂತ್ರ ನಿಂತಿದೆ ಅಂತ ಅವರಿಗೆ ಹೇಗೆ ಗೊತ್ತಾಗಬೇಕು.

ನೋಂದಣಿ ಆಗದಿದ್ದರೆ ನಷ್ಟ ಬ್ಯಾಂಕಿಗೆ, ನಮಗೇನು ಅನ್ನುವವರೂ ಇದ್ದಾರೆ. ಅರ್ಧ ನಿಜ. ಕಂಪನಿ ಮುಳುಗಿದಾಗ ನೋಂದಣಿಯಾಗದ ಚಾರ್ಜನ್ನು ಲಿಕ್ವಿಡೇಟರ್ (ಕಂಪನಿಯ ಆಸ್ತಿ ಮಾರಿ ಸಾಲ ಕೊಟ್ಟವರಿಗೆ ಹಂಚುವವರು) ಲೆಕ್ಕಕ್ಕೆ ಹಿಡಿಯುವುದಿಲ್ಲ. 2020ರಲ್ಲಿ ಫೋಕ್ಸ್‌ವ್ಯಾಗನ್ ಫೈನಾನ್ಸ್ ಪ್ರಕರಣದಲ್ಲಿ ಕಾರಿನ ಆರ್‌ಸಿಯಲ್ಲಿ ಹೈಪಾಥಿಕೇಷನ್ ನಮೂದಾಗಿದ್ದರೂ, ಆರ್‌ಒಸಿಯಲ್ಲಿ ಚಾರ್ಜ್ ನೋಂದಣಿ ಆಗಿಲ್ಲ ಅಂತ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿ ಕಾರಿನ ಮೇಲೆ ತನಗೆ ಹಕ್ಕಿದೆ ಎಂಬ ಆ ಸಂಸ್ಥೆಯ ವಾದ ಒಪ್ಪಲಿಲ್ಲ. ಇಂಥ ತೀರ್ಪು ಬಂದ ಮೇಲೆ ಬ್ಯಾಂಕುಗಳು ಸುಮ್ನೆ ಕೂರುತ್ತವೆಯೇ? ಚಾರ್ಜ್ ಆಗದಿದ್ದರೆ ಮುಂದಿನ ಕಂತು ಬಿಡುವುದಿಲ್ಲ, ಪತ್ರವನ್ನು ಹೊಸದಾಗಿ ಮಾಡಿಸಿ ಅನ್ನುತ್ತಾರೆ, ಆ ಸ್ಟಾಂಪ್ ಖರ್ಚು ಮತ್ತೆ ನಮ್ಮ ತಲೆಗೇ.

ಬ್ಯಾಂಕ್ ಶಾಖೆಗಳ ಮೇಲೂ ನನಗೆ ಸಿಟ್ಟಿದೆ. ಪತ್ರಗಳಿಗೆ ಸಹಿ ಹಾಕಿಸಿಕೊಂಡು ಮೂರು ವಾರ ಕಪಾಟಿನಲ್ಲಿ ಇಡುತ್ತಾರೆ, 27ನೇ ದಿನಕ್ಕೆ ಫೋನ್ ಮಾಡಿ ‘ಅರ್ಜೆಂಟ್, ಇವತ್ತೇ ಫೈಲ್ ಮಾಡಿ’ ಅನ್ನುತ್ತಾರೆ. ಖಾಲಿ ಜಾಗ ಬಿಟ್ಟ ಪತ್ರಕ್ಕೆ ಸಹಿ ಹಾಕಿಸಿಕೊಂಡು ಆಮೇಲೆ ತಾರೀಖು ತುಂಬುವ ಅಭ್ಯಾಸ ಬೇರೆ. ಅದರಿಂದಲೇ ಅರ್ಧ ಗೊಂದಲ.

ಆರ್‌ಒಸಿ ಕಡೆಯಿಂದಲೂ ಒಂದು ಬದಲಾವಣೆ ಬೇಕು. ವಾಪಸ್ ಕಳಿಸುವಾಗ ‘ವಿವರ ಸರಿಯಿಲ್ಲ, ಪರಿಶೀಲಿಸಿ’ ಅಂತ ಬರೆದರೆ ಯಾವ ವಿವರ ಅಂತ ಊಹೆ ಮಾಡುತ್ತಾ ಕೂರಬೇಕು. ಅಮೆರಿಕದಲ್ಲಿ ಇದೇ ಥರದ ನೋಂದಣಿಗೆ ಯುಸಿಸಿ-1 ಅಂತ ಫಾರ್ಮ್ ಇದೆ. ಯಾವ ಕಾರಣಕ್ಕೆ ಅದನ್ನು ತಿರಸ್ಕರಿಸಬಹುದು ಅಂತ ಅಲ್ಲಿನ ಏಕರೂಪ ವಾಣಿಜ್ಯ ಸಂಹಿತೆಯ (ಯುಸಿಸಿ) 9-516ನೇ ಸೆಕ್ಷನ್‌ನಲ್ಲೇ ಪಟ್ಟಿ ಇದೆ, ಅದರ ಹೊರಗಿನ ಕಾರಣ ಹೇಳುವಂತಿಲ್ಲ, ತಿರಸ್ಕರಿಸಿದರೆ ಕಾರಣವನ್ನೂ ತಿಳಿಸಬೇಕು. ಅಲ್ಲಿನ ಪದ್ಧತಿಯೇ ಬೇರೆ, ಅಲ್ಲಿ ಪರಿಶೀಲನೆಯೂ ಕಡಿಮೆ, ಒಪ್ಪುತ್ತೇನೆ. ಆದರೆ ಒಂದು ಪಟ್ಟಿ ಪ್ರಕಟಿಸಲು, ಯಾವ ಕಾಲಂ, ಯಾವ ಲಗತ್ತು ಅಂತ ಎರಡು ಸಾಲು ಬರೆಯಲು ಕಾಯ್ದೆ ತಿದ್ದುಪಡಿ ಏನೂ ಬೇಕಿಲ್ಲ ಅಲ್ವಾ? ಕೋರಮಂಗಲದ ಕೇಂದ್ರೀಯ ಸದನದಲ್ಲಿರುವ ಆರ್‌ಒಸಿ ಅಧಿಕಾರಿಗಳು ಇದನ್ನು ಗಮನಿಸಬೇಕು ಅಂತ ಕೇಳಿಕೊಳ್ಳುತ್ತೇನೆ.

ಸೆರ್ಸಾಯ್ (ಅಡಮಾನಗಳ ಕೇಂದ್ರೀಯ ದಾಖಲಾತಿ) ನೋಂದಣಿ ಇದರಿಂದ ಬೇರೆ, ಅದನ್ನು ಬ್ಯಾಂಕೇ ಮಾಡುತ್ತದೆ. ಆದರೆ ಅಲ್ಲಿ ಹಾಕಿದ ವಿವರ ಆರ್‌ಒಸಿಯದಕ್ಕೆ ಹೊಂದುತ್ತದೆಯೇ ಅಂತ ಒಮ್ಮೆ ಕೇಳಿ. ಕಂಪನಿ ಅಲ್ಲದವರಿಗೆ, ಅಂದರೆ ಪ್ರೊಪ್ರೈಟರ್‌ಗಳಿಗೆ, ಪಾಲುದಾರಿಕೆ ಸಂಸ್ಥೆಗಳಿಗೆ ಸಿಎಚ್‌ಜಿ-1 ಇಲ್ಲ.

ಸಾಲ ತೀರಿಸಿದವರಿಗೂ ಒಂದು ಮಾತು. ನೋ ಡ್ಯೂಸ್ ಪತ್ರ ಬಂದರೆ ಕೆಲಸ ಮುಗಿಯಲಿಲ್ಲ, 30 ದಿನದೊಳಗೆ ಸಾಲ ತೀರಿದೆ ಅಂತ ತಿಳಿಸುವ ಸಿಎಚ್‌ಜಿ-4 ಫಾರ್ಮ್ ಹಾಕಬೇಕು. ಇಲ್ಲದಿದ್ದರೆ ಎಂಸಿಎ (ಕಂಪನಿ ವ್ಯವಹಾರಗಳ ಸಚಿವಾಲಯ) ಪೋರ್ಟಲ್‌ನಲ್ಲಿ ಹಳೇ ಚಾರ್ಜ್ ಹಾಗೇ ತೆರೆದಿರುತ್ತದೆ, ಹೊಸ ಬ್ಯಾಂಕಿನವರು ಮೊದಲು ನೋಡುವುದೂ ಅದನ್ನೇ.

ಇತಿ,
ಒಬ್ಬ ಅಕೌಂಟೆಂಟ್, ಪೀಣ್ಯ, ಬೆಂಗಳೂರು